ಕಪ್ಪು ಸೊಪ್ಪಿನ ಕ್ಯಾಸೆಟ್

ಇವತ್ತು ಬೆಳಿಗ್ಗೆ ಗೆಳೆಯ ಮಂಜ ಬಂದವನೇ ಜೇಬಿನಿಂದ ಒಂದು ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟ. ಗಮ್ಮೆಂದು ಹೊಗೆಸೊಪ್ಪಿನ ವಾಸನೆ. "ಅಪ್ಪನ್ ತಿಥಿ ಮುಗೀತಲ್ಲ, ಅವ್ರ ಟ್ರಂಕ್ ತೆಗದ್ರೆ ಇದು ಸಿಕ್ತು ಕಣ್ಲಾ. ನಿನ್ನತ್ರ ಟೇಪ್ ರೆಕಾರ್ಡರ್ ಅದಲ್ಲಾ, ಹಾಕು," ಎಂದ. ಇಷ್ಟು ಹಳೆಯ ಟೇಪು, ತಿರುಗುವಾಗ ತುಂಡಾದರೆ? ನಗಬೇಡಿ, ನಾನು ಹುಟ್ಟಾ ಪುಕ್ಕಲ. "ಇರು, ಮೊದಲು ಕಾಫಿ ಕುಡಿ" ಎಂದು ಹೊತ್ತು ತಳ್ಳಿದೆ.

ತೊಂಬತ್ತರ ದಶಕದ ಕೊನೆಗೆ, ಹುಣಸೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಒಂದು ಆಲ್ಟರ್ನೇಟಿವ್ ಮೆಟಲ್ ಬ್ಯಾಂಡ್ ಇತ್ತೆಂದರೆ ನೀವು ನಂಬಲಿಕ್ಕಿಲ್ಲ. ನಮ್ಮೂರಿನವರೂ ನಂಬಿರಲಿಲ್ಲ. ಮಂಜ ಗಿಟಾರು ಹಿಡಿದು ಅರಚುತ್ತಿದ್ದ, ಜವರ ಡ್ರಮ್ಮು ಬಾರಿಸುತ್ತಿದ್ದ, ನನ್ನದು ಬೇಸ್ ಗಿಟಾರು. ಮಂಜನ ಅಪ್ಪ ಸಣ್ಣೇಗೌಡರ ಬ್ಯಾರನ್ನೇ, ಅಂದರೆ ಹೊಗೆಸೊಪ್ಪು ತೂಗುಹಾಕಿ ಬೇಯಿಸುವ ಎತ್ತರದ ಮಣ್ಣಿನ ಮನೆಯೇ, ನಮ್ಮ ಅಭ್ಯಾಸದ ಜಾಗ. ಅದು ಖಾಲಿಯಿದ್ದಷ್ಟು ದಿನ ಬ್ಯಾಂಡು. ಸೊಪ್ಪು ಬಂತೆಂದರೆ ನಮಗೆ ರಜೆ. ಬ್ಯಾಂಡಿನ ಹೆಸರು 'ಕಪ್ಪು ಸೊಪ್ಪು'. ಬೇಯುವಾಗ ಕೆಟ್ಟು ಕಪ್ಪಾದ ಸೊಪ್ಪನ್ನು ಹರಾಜಿನಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಹೆಸರು ಕೇಳಿ ಗೌಡರು ಉರಿದುಬಿದ್ದಿದ್ದರು: "ಒಟ್ಟೆಗೆ ಅನ್ನ ತಿಂತೀರೇನ್ರಲಾ? ಬೆಳೆಯೋರ ಮನೇಲಿ ಇಂಥಾ ಎಸ್ರು ಇಡ್ತಾರಾ?"

ನಮ್ಮ ಕಾರ್ಯಕ್ರಮಗಳ ಕಥೆ ಕೇಳಬೇಡಿ. ಪಿರಿಯಾಪಟ್ಟಣದ ಗಣೇಶನ ಪೆಂಡಾಲಿನಲ್ಲಿ ಎರಡನೇ ಹಾಡಿಗೇ ಮೈಕಿನವನು ವೈರು ಕಿತ್ತ. ಕೆ.ಆರ್. ನಗರದ ಮದುವೆಯೊಂದರಲ್ಲಿ ಹೆಣ್ಣಿನ ಅಜ್ಜಿ ಮಂಜನ ಹಣೆ ಮುಟ್ಟಿ, "ಯಾಕ್ ಮಗ, ಒಟ್ಟೆನೋವಾ?" ಎಂದು ಕೇಳಿದರು. ಕೋಟೆ ಪಟ್ಟಣದಲ್ಲಿ ಮಾತ್ರ ಹುಡುಗರು ಎದ್ದು ಕುಣಿದರು. ಆ ಒಂದು ಸಂಜೆಯನ್ನೇ ನೆನೆಯುತ್ತ ಬಹಳ ಕಾಲ ಬೀಗಿದೆವು.

ಅಷ್ಟರಲ್ಲಿ ಮೈಸೂರಿನಲ್ಲಿ ಒಂದು ಸ್ಪರ್ಧೆ ಬಂತು. ಮೊದಲು ಕ್ಯಾಸೆಟ್ ಕೊಡಬೇಕು. ಒಪ್ಪಿಗೆಯಾದರೆ ಸ್ಟುಡಿಯೋದಲ್ಲಿ ಹಾಡಿಸುತ್ತಾರೆ. ಇದೊಂದು ತಪ್ಪಿದರೆ ಬ್ಯಾಂಡು ಮುಗಿಯಿತೆಂದು ಮೂವರಿಗೂ ಗೊತ್ತಿತ್ತು. ಮೈಸೂರಿನಿಂದ ಎರವಲು ಯಂತ್ರ ತಂದು ಬ್ಯಾರನ್ನಿನೊಳಗೇ ರೆಕಾರ್ಡ್ ಮಾಡಿದೆವು. ಇದ್ದದ್ದು ಒಂದೇ ಪ್ರತಿ. ಮನೆಯಲ್ಲಿಟ್ಟರೆ ಯಾರಾದರೂ ಅದರ ಮೇಲೆ ದೇವರನಾಮ ತುಂಬಿಸಿಯಾರೆಂದು ಮಂಜ ಅದನ್ನು ಬ್ಯಾರನ್ನಿನ ಗೋಡೆಗೂಡಿನಲ್ಲಿ ಬಚ್ಚಿಟ್ಟ. ಸ್ಪರ್ಧೆಯವರು ಕ್ಯಾಸೆಟ್ ತೆಗೆದುಕೊಳ್ಳಲು ಇನ್ನೂ ಮೂರು ದಿನವಿತ್ತು. ಆ ವರ್ಷ ಸೊಪ್ಪು ಬೇಗ ಹಣ್ಣಾಯಿತು. ಯಂತ್ರ ವಾಪಸು ಕೊಟ್ಟು ನಾವು ಮೈಸೂರಿನಿಂದ ಬರುವಷ್ಟರಲ್ಲಿ ಗೌಡರು ಸೊಪ್ಪು ತುಂಬಿಸಿ, ಬಾಗಿಲು ಭದ್ರ ಮಾಡಿ, ಬೆಂಕಿ ಹಾಕಿಯಾಗಿತ್ತು.

"ಅಪ್ಪ, ಒಂದೇ ನಿಮಿಷ ತೆಗಿ," ಮಂಜ ಅಂಗಲಾಚಿದ.

"ತೆಗದ್ರೆ ಗಾಳಿ ಒಡ್ದು ಸೊಪ್ಪೆಲ್ಲ ಕಪ್ಪಾಯ್ತದೆ ಕಣ್ಲಾ. ನಿಮ್ ಬ್ಯಾಂಡಿನ್ ಎಸ್ರ ನನ್ ಬೆಳೆಗೆ ಅಂಟಿಸ್ಬ್ಯಾಡ."

ಸೊಪ್ಪಿನ ಜೊತೆ ನಮ್ಮ ಜೀವವೂ ಬೆಂದಿತು. ಒಳಗಿನ ಶಾಖ ನೋಡಲೆಂದು ಗೋಡೆಯಲ್ಲಿದ್ದ ಪುಟ್ಟ ಗಾಜಿಗೆ ಮುಖವೊತ್ತಿ ಸರದಿಯ ಮೇಲೆ ಇಣುಕಿದೆವು. ಎಲೆ ಬಿಟ್ಟರೆ ಏನೂ ಕಾಣದು. ನನಗೆ ಅನ್ನ ಸೇರಲಿಲ್ಲ. ಗೌಡರೂ ನೆಮ್ಮದಿಯಾಗಿರಲಿಲ್ಲ; ಉರಿ ತಗ್ಗಿಸಿದರೆ ಬೆಳೆ ಕೆಡುತ್ತದೆ, ಏರಿಸಿದರೆ ನಮ್ಮ ಮುಖ ನೋಡಬೇಕು. ಸೌದೆ ಒಡ್ಡುವಾಗಲೆಲ್ಲ ಅತ್ತ ತಿರುಗಿಕೊಳ್ಳುತ್ತಿದ್ದರು.

ವಾರದ ಮೇಲೆ ಬಾಗಿಲು ತೆರೆದಾಗ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಕ್ಯಾಸೆಟ್ ಹಪ್ಪಳದಂತೆ ಸೊಟ್ಟಗಾಗಿತ್ತು. ಜವರ ಟೇಪನ್ನು ಜೋಪಾನವಾಗಿ ಬಿಡಿಸಿ ಬೇರೆ ಕ್ಯಾಸೆಟ್ಟಿನ ಡಬ್ಬಿಗೆ ಸುತ್ತಿದ. ಆದರೆ ಕೊಡುವ ಗಡುವು ಮೀರಿತ್ತು. ಕೇಳಿ ನೋಡುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಮಂಜ ಅದನ್ನು ಮನೆಯ ಜಗುಲಿಯ ಮೇಲೇ ಬಿಟ್ಟುಹೋದ. ಬ್ಯಾರನ್ ಮತ್ತೆ ಖಾಲಿಯಾದಾಗ ನಾವು ಯಾರೂ ಅತ್ತ ಸುಳಿಯಲಿಲ್ಲ. ಬ್ಯಾಂಡು ಮುಗಿದದ್ದು ಹೀಗೆ, ಜಗಳವೂ ಇಲ್ಲದೆ.

ಕಾಫಿ ಮುಗಿಯಿತು, ನನ್ನ ನೆಪವೂ ಮುಗಿಯಿತು. ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದೆ. ಕರಕರ ಸದ್ದು. ಜವರನ ಕೋಲುಗಳ ಟಕ್ ಟಕ್. ಅಷ್ಟರಲ್ಲಿ ಟೇಪಿನೊಳಗೇ, ಬ್ಯಾರನ್ನಿನ ಬಾಗಿಲಾಚೆಯಿಂದ ಗೌಡರ ದನಿ:

"ಲೇ, ಉಂಡ್ಬುಟ್ಟು ಬಡ್ಕೊಳ್ರಲಾ, ಮುದ್ದೆ ಆರೋಯ್ತದೆ!"

ಗಿಟಾರು ಶುರುವಾಯಿತು. ಮಂಜ ಥಟ್ಟನೆ ಕೈಚಾಚಿ ನಿಲ್ಲಿಸಿ ಟೇಪನ್ನು ಹಿಂದಕ್ಕೆ ತಿರುಗಿಸಿದ. ಎಲ್ಲಿ ತುಂಡಾಗುವುದೋ ಎಂದು ನನಗೆ ಭಯವೇ. ಆದರೂ ಬೇಡ ಎನ್ನಲಿಲ್ಲ. ಮತ್ತೆ ಮುದ್ದೆ ಆರುವ ಮಾತು. ಮತ್ತೆ ಹಿಂದಕ್ಕೆ. ನಮ್ಮ ಹಾಡನ್ನು ನಾವು ಇವತ್ತೂ ಕೇಳಲಿಲ್ಲ.