ಗರಡಿಯ ಬಾಗಿಲಲ್ಲಿ ಬಿಟ್ಟ ಶೂ

“ಯಾವನ್ಲಾ ಅವ್ನು ಕಲ್ಲು ಹೊಡ್ದಿದ್ದು?”

ಮಾದಿಹಳ್ಳಿ ಸ್ಟಾಪಿನಲ್ಲಿ ನಮ್ಮವರು ಹಾಗೆ ಕೂಗಿದರಂತೆ. ಟೈರು ನೋಡಲು ಇಳಿದಿದ್ದವರು ಮತ್ತೆ ಡ್ರೈವರ್ ಸೀಟಿಗೆ ಹತ್ತಲು ಎಡಗಾಲು ಊರಿ ಮೇಲಕ್ಕೆ ಚಿಮ್ಮಿದ್ದಾರೆ. ಹಿಮ್ಮಡಿಯ ಮೇಲೆ ಫಟ್ ಅಂದಿದೆ. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಅರಸೀಕೆರೆಯಿಂದ ಬೇಲೂರಿಗೆ ಹೊರಟಿದ್ದ ಬಸ್ಸು ಅಲ್ಲೇ ನಿಂತಿತು. ಜನ ಗೊಣಗುತ್ತಾ ಇಳಿದರು.

ಹಾಸನದ ಡಾಕ್ಟರು ಇವರನ್ನು ಬೋರಲು ಮಲಗಿಸಿ ಮೀನಖಂಡ ಒತ್ತಿದರು. ಪಾದ ಅಲುಗಲಿಲ್ಲ.

“ಮೀನಖಂಡಾನ ಹಿಮ್ಮಡಿಗೆ ಕಟ್ಟೋ ಅಕಿಲಿಸ್ ಟೆಂಡನ್ ಪೂರ್ತಿ ಹರಿದಿದೆ. ಆಪರೇಷನ್ ಮಾಡ್ಬೇಕು.”

ಇವರು ಕೇಳಿದ್ದು ಒಂದೇ ಮಾತು. “ಸಾರ್, ಆಮೇಲೆ ಕ್ಲಚ್ ಒತ್ತಬಹುದಾ?”

ಎಡಗಾಲು ಕ್ಲಚ್ಚಿನ ಕಾಲು. ಅದಕ್ಕೆ ಬಲವಿಲ್ಲದಿದ್ದರೆ ಡ್ರೈವರ್ ಕೆಲಸವೂ ಇಲ್ಲ. ಬಸ್ಸು ನಿಮ್ಮ ಮೊದಲನೇ ಹೆಂಡತಿ ಎಂದು ನಾನು ರೇಗಿಸುತ್ತಿದ್ದೆ. ಇವರು ಒಂದು ದಿನವೂ ಇಲ್ಲ ಎನ್ನಲಿಲ್ಲ.

ಪ್ಲಾಸ್ಟರ್ ಹಾಕಿಕೊಂಡು ಮಲಗಿದ ಗಂಡಸಿಗಿಂತ ಹಸುಗೂಸು ವಾಸಿ. ಸಾರು ಬಿಸಿಯಿದ್ದರೂ ತಪ್ಪು, ಆರಿದ್ದರೂ ತಪ್ಪು. ಕಕ್ಕಸಿಗೆ ನನ್ನ ಹೆಗಲು ಹಿಡಿದು ಹೋಗುವಾಗ ಮಾತ್ರ ತಲೆ ತಗ್ಗಿಸಿ ಸುಮ್ಮನಿರುತ್ತಿದ್ದರು. ಪ್ಲಾಸ್ಟರ್ ಬಿಚ್ಚಿದಾಗ ಮೀನಖಂಡ ಬಾಡಿದ ಬದನೆಕಾಯಿಯ ಹಾಗಿತ್ತು. ನನಗೆ ಭಯವಾಯಿತು.

ಕೆಲವು ತಿಂಗಳಾದ ಮೇಲೆ ಫಿಸಿಯೋಥೆರಪಿಯ ಮೇಡಂ ಮೀನಖಂಡಕ್ಕೆ ಬಲ ಬರಿಸುವ ಜಿಮ್ಮಿನ ಕಾಫ್ ಮಷೀನಿಗೆ ಒಪ್ಪಿದರು. ಕೂತು ಮಾಡುವಂಥದ್ದು. ಮಂಡಿಯ ಮೇಲೆ ದಿಂಬು, ಅದರ ಮೇಲೆ ತೂಕ. ಪಾದದ ಮುಂಭಾಗ ಕಬ್ಬಿಣದ ಪಟ್ಟಿಯ ಮೇಲೆ. “ಎರಡೂ ಕಾಲಲ್ಲಿ ಮಾಡಿ. ತೂಕ ಕಮ್ಮಿ ಇರಲಿ. ನಿಧಾನಕ್ಕೆ ಎತ್ತಿ, ಇನ್ನೂ ನಿಧಾನಕ್ಕೆ ಇಳಿಸಿ. ಹಿಮ್ಮಡಿ ಪಟ್ಟಿಗಿಂತ ಕೆಳಗೆ ಹೋಗ್ಬಾರ್ದು. ಶೂ ಬಿಚ್ಚಲೇಬೇಡಿ,” ಎಂದು ಹಿಮ್ಮಡಿಯ ಜಾಗದಲ್ಲಿ ದಪ್ಪ ಪ್ಯಾಡ್ ಇಟ್ಟ ಶೂ ತೊಡಿಸಿದರು.

ನಮ್ಮ ಅರಸೀಕೆರೆಯಲ್ಲಿ ಆ ಮಷೀನು ಇದ್ದದ್ದು ರುದ್ರಣ್ಣನ ಜಿಮ್ಮಿನಲ್ಲಿ. ಅದು ಅವರಪ್ಪನ ಕಾಲದ ಗರಡಿ. ಕುಸ್ತಿ ಆಡುತ್ತಿದ್ದ ಮಟ್ಟಿಯ ಕೆಂಪು ಮಣ್ಣು ತೆಗೆದು ಟೈಲ್ಸ್ ಹಾಕಿಸಿದ್ದರೂ ಆಂಜನೇಯಸ್ವಾಮಿಯ ಪಟ, ಹೂವು, ದೀಪ ಹಾಗೇ ಇದ್ದವು. ಚಪ್ಪಲಿ, ಶೂ ಏನಿದ್ದರೂ ಹೊಸ್ತಿಲಾಚೆ. ಇವರು ಶೂ ಬಿಚ್ಚಿಟ್ಟರು, ಸ್ವಾಮಿಗೆ ಕೈಮುಗಿದರು, ಮಷೀನಿನಲ್ಲಿ ಕೂತರು.

ಬರಿಗಾಲು. ಬೆವರು. ಪಾದ ಜಾರಿ ಹಿಮ್ಮಡಿ ಕೆಳಕ್ಕೆ ಕುಸಿಯಿತು.

ಫಟ್.

ಗರಡಿಯ ಜಗಲಿಯಲ್ಲಿ ಕೂತಿದ್ದ ನನಗೂ ಕೇಳಿಸಿತು.

“ಶೂ ಯಾಕ್ರೀ ಬಿಚ್ಚಿದ್ರಿ?” ಎಂದರು ಡಾಕ್ಟರು.

“ಆಂಜನೇಯಸ್ವಾಮಿ ಎದುರಿಗೇ ಇದಾನಲ್ಲ ಸಾರ್.”

ನನಗೆ ಸಿಟ್ಟು ನೆತ್ತಿಗೇರಿತ್ತು, ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಆ ಹೊಸ್ತಿಲಲ್ಲಿ ಕಾಲಿನದನ್ನು ಬಿಡದೆ ಒಳಗೆ ಹೋಗುವವರು ನಮ್ಮೂರಲ್ಲಿ ಯಾರಿದ್ದಾರೆ?

ಮತ್ತೆ ಆಪರೇಷನ್. ಈ ಸಲ ಹೊಲಿಗೆಯಲ್ಲಿ ಕೀವಾಯಿತು. ದಿನಾ ಡ್ರೆಸ್ಸಿಂಗ್, ಜ್ವರ, ಆ ವಾಸನೆ. ಇವರು ಬೈಯುವುದನ್ನೂ ಬಿಟ್ಟರು. ಬೈಯಲಿ ಎಂದು ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ. ಸುಮ್ಮನೆ ಉಂಡರು.

ಗಾಯ ಮಾಗಿ, ಮೇಡಂ ಮತ್ತೆ ಮಷೀನಿಗೆ ಒಪ್ಪಿದಾಗ ರುದ್ರಣ್ಣ ಮನೆಗೆ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತ. “ಅಕ್ಕಾ, ಮಷೀನು ಜಗಲಿಗೆ ತಂದು ಹಾಕ್ಸಿದೀನಿ. ಸ್ವಾಮಿ ಒಳಗವ್ನೆ. ಅಣ್ಣ ಶೂ ಹಾಕ್ಕೊಂಡೇ ಮಾಡ್ಲಿ.”

ರಸ್ತೆಯ ಜನ ನೋಡುತ್ತಿದ್ದರು. ನೋಡಲಿ. ಕಾಲು ಜಾರಿದರೂ ತಡೆಯಲೆಂದು ಹಿಮ್ಮಡಿಗಳ ಕೆಳಗೆ ಮರದ ಹಲಗೆ ಇಟ್ಟೆವು. ಇವರು ಉಸಿರು ಬಿಡುತ್ತಾ ಎತ್ತುವರು, ತಡೆದು ಇಳಿಸುವರು. ನೋವು ಎಂದ ತಕ್ಷಣ ರುದ್ರಣ್ಣನೇ ತೂಕ ತೆಗೆದುಬಿಡುತ್ತಿದ್ದ.

ಡ್ಯೂಟಿಗೆ ಮರಳುವ ಮುಂಚೆ ಮೆಡಿಕಲ್ ಟೆಸ್ಟ್. “ಎಡಗಾಲೊಂದರಲ್ಲೇ ನಿಂತು ಹಿಮ್ಮಡಿ ಎತ್ತಿ.” ಗೋಡೆ ಹಿಡಿದು ನಿಂತರು. ಕತ್ತಿನ ನರಗಳು ಉಬ್ಬಿದವು. ಹಿಮ್ಮಡಿ ನೆಲ ಬಿಡಲಿಲ್ಲ.

“ಸಾಕು ಬಿಡಿ,” ಎಂದರು ಡಾಕ್ಟರು.

ಈಗ ಡಿಪೋ ಗೇಟಿನಲ್ಲಿ ಕೆಲಸ. ಸ್ವಲ್ಪ ಕುಂಟುತ್ತಾರೆ, ಆದರೆ ಯಾರ ಹೆಗಲೂ ಬೇಕಿಲ್ಲ. ಅಷ್ಟಾದರೂ ಆಯಿತಲ್ಲ ಎನ್ನುತ್ತೇನೆ. ಮೊನ್ನೆ ನಂಟರ ಮನೆಗೆಂದು ಬೇಲೂರು ಬಸ್ಸು ಹತ್ತಿದೆವು. ಸೀಟು ಸಿಕ್ಕಿದ್ದು ಡ್ರೈವರ್ ಹಿಂದೆಯೇ. ಹಳೇಬೀಡು ದಾಟಿದ ಮೇಲೆ ಗಮನಿಸಿದೆ. ಆತ ಗೇರು ಬದಲಿಸಿದಾಗಲೆಲ್ಲ ಇವರ ಎಡಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಬೇಲೂರು ಬರುವವರೆಗೂ ಒತ್ತಿತು.