ಕಡ್ಡಿಯಣ್ಣ ಅಳೆದ ಉಪ್ಪುಜವುಗು

ಫೆಬ್ರವರಿ ೧೧. ಬೆಳಗಿನಿಂದ ಮಂಜು, ಹತ್ತರ ಹೊತ್ತಿಗೆ ಪಡುವಣ ಗಾಳಿ ಬೀಸಿ ಬಿಸಿಲು ಬಿತ್ತು. ನೀರಿನ ಇಳಿತ ಹತ್ತೂ ನಲವತ್ತಕ್ಕೆ.

ನನ್ನ ಅಕ್ಕನ ಗಂಡನನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಕಡ್ಡಿಯಣ್ಣ ಎನ್ನುತ್ತಾರೆ. ಅಳಿವೆಯ ಉಪ್ಪುಜವುಗಿನಲ್ಲಿ ಹನ್ನೆರಡು ಕಬ್ಬಿಣದ ಸರಳುಗಳನ್ನು ಆಳಕ್ಕೆ ನೆಟ್ಟಿದ್ದಾರೆ. ಇಪ್ಪತ್ತೆರಡು ವರ್ಷಗಳಿಂದ ವಾರಕ್ಕೊಮ್ಮೆ ಅಲ್ಲಿಗೆ ನಡೆದು, ಸರಳಿನ ತುದಿಯಿಂದ ಕೆಸರಿನವರೆಗೆ ಕಡ್ಡಿ ಹಿಡಿದು ಅಳೆಯುವುದು ಭಾವನ ಕೆಲಸ. ಆ ಅಂಕಿಗಳನ್ನು ದಪ್ತರಕ್ಕೇರಿಸುವುದು ನನ್ನದು. ನದಿಯ ವೇಗ ಸಮುದ್ರದೆದುರು ಕುಂದಿದಲ್ಲಿ ಹೂಳು ಕೂರುತ್ತದೆ. ಉಪ್ಪು ತಾಳುವ ಹುಲ್ಲು ಅದನ್ನು ಬೇರಿನಲ್ಲಿ ಹಿಡಿಯುತ್ತದೆ, ಏಡಿಗಳ ಬಿಲಗಳಿಂದ ಆ ಬೇರಿಗೆ ಗಾಳಿಯಾಡುತ್ತದೆ. ಪ್ರತಿ ಉಬ್ಬರವೂ ಇನ್ನೊಂದು ತೆಳು ಪದರ ಬಿಟ್ಟುಹೋಗುತ್ತದೆ. ಹೀಗೆ ನೆಲ ಏರುತ್ತಿದ್ದರೆ ಜವುಗನ್ನು ಉಳಿಸುವುದು, ಕುಸಿಯುತ್ತಿದ್ದರೆ ಮಣ್ಣು ತುಂಬಿ ಗೋದಾಮು ಕಟ್ಟುವುದು ಎಂದು ಮೇಲಿನವರ ತೀರ್ಮಾನ. ಆರು ವರ್ಷಗಳಿಂದ ಭಾವನ ಅಂಕಿಗಳು ಕುಸಿತವನ್ನೇ ಹೇಳುತ್ತಿದ್ದವು.

“ನೆಲ ಕೂದಲೆಳೆಯಷ್ಟು ಏರಿದೆ ಅಂತ ಬರೆದ್ರೆ ನಿಮ್ಮ ಗಂಟೇನ್ರೀ ಹೋಗುತ್ತೆ?” ಎಂದು ಅಕ್ಕ ಗೊಣಗಿದ್ದಳು.

“ಆ ಹುಲ್ಲು ನನಗೆ ಮಕ್ಕಳಿಗಿಂತ ಹೆಚ್ಚು ಕಣೇ. ಹಾಗಂತ ಸುಳ್ಳು ಬರೆಯೋದಾ?”

ತುಂಬುವ ಆದೇಶಕ್ಕೆ ಸೋಮವಾರ ಸಹಿ ಬಿತ್ತು. ಕಡತ ಮುಗಿಸಲು ಕೊನೆಯ ಅಳತೆಗೆಂದು ಇಂದು ಒಬ್ಬ ಸರ್ವೇಯರಮ್ಮ ಬಂದರು. ಕೆಸರಿನ ಮೇಲೆ ಉದ್ದನೆಯ ಹಲಗೆ ಹಾಸಿ ಅದರ ಮೇಲೆ ಕುಳಿತರು.

“ಕಾಲಿಗೆ ಕೆಸರಾದ್ರೆ ತೊಳ್ಕೊಂಡ್ರಾಯ್ತಲ್ಲಮ್ಮ, ಏನು ನಾಜೂಕು!” ಎಂದು ಭಾವ ನಕ್ಕರು.

“ಹಲಗೆ ಕಾಲಿಗಲ್ಲ ಅಣ್ಣ, ನೆಲಕ್ಕೆ. ನೀವು ಎಲ್ಲಿ ನಿಂತು ಅಳೀತೀರಿ?”

“ಸರಳಿನ ಬುಡದಲ್ಲೇ. ಇನ್ನೆಲ್ಲಿ ನಿಲ್ಲಲಿ?”

ಆಕೆ ಹತ್ತು ಹೆಜ್ಜೆ ಆಚೆ ಮಟ್ಟ ನೋಡಿದರು. ಅಲ್ಲಿ ಹುಲ್ಲು ಮೊಣಕಾಲೆತ್ತರ. ಸರಳು ನೆಟ್ಟಾಗಿನದಕ್ಕಿಂತ ನೆಲ ನಾಲ್ಕು ಬೆರಳು ಮೇಲೆ. ಹನ್ನೆರಡೂ ಕಡೆ ಅದೇ ಕತೆ. ಸರಳುಗಳ ಬುಡದಲ್ಲಿ ಮಾತ್ರ ತುಳಿತಕ್ಕೆ ಹುಲ್ಲು ಸತ್ತು, ಬೇರು ಕೊಳೆತು, ಕೆಸರು ಕುಗ್ಗಿತ್ತು.

“ಜವುಗು ಏರ್ತಾನೇ ಇದೆ ಅಣ್ಣ. ಕುಸಿದಿರೋದು ನಿಮ್ಮ ಕಾಲ ಕೆಳಗೆ.”

ಭಾವ ಕೆಸರುಗಾಲಲ್ಲೇ ಸಾಹೇಬರ ಕೋಣೆಗೆ ಓಡಿದರು. “ತಪ್ಪು ನಂದು ಸಾರ್. ನನ್ನನ್ನ ಕೆಲಸದಿಂದ ತೆಗೀರಿ, ಆದೇಶ ನಿಲ್ಲಿಸಿ.”

“ಇಪ್ಪತ್ತೆರಡು ವರ್ಷ ಸಂಬಳ ತಗೊಂಡು ನಿನ್ನ ಪಾದಾನೇ ಅಳ್ಕೊಂಡು ಬಂದ್ಯಲ್ಲೋ ಮಹಾನುಭಾವ!” ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಗುಮಾಸ್ತರೆಲ್ಲ ನಕ್ಕರು. ನಾನೂ ಅಷ್ಟಿಷ್ಟು ನಕ್ಕೆ. “ಬಿದ್ದ ಸಹಿ ಬಿತ್ತು. ಲಾರಿಗಳನ್ನ ನೀನೇ ನಿಂತು ಒಳಗೆ ಬಿಡಿಸು. ಆ ಜಾಗ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಮೂರು ಗಂಟೆಗೆ ಮೊದಲ ಲಾರಿ ಕಲ್ಲುಮಣ್ಣು ಸುರಿಯಿತು. ಸದ್ದಿಗೆ ಹೆದರಿ ಬಿಲ ಹೊಕ್ಕ ಏಡಿಗಳು ಒಳಗೇ ಮುಚ್ಚಿಹೋದವು. ಭಾವ ಸೀಟಿ ಊದಿ, ಕೈಯೆತ್ತಿ ಎರಡನೆಯ ಲಾರಿಯನ್ನು ಕರೆದರು.

ಇಂದಿನ ಖರ್ಚು: ಸರ್ವೇಯರಮ್ಮನ ಜೀಪಿಗೆ ೬೫೦. ಲಾರಿ ಚಾಲಕರ ಚಹಾ ೯೦. ಭಾವನಿಗೆ ಹೊಸ ಸೀಟಿ ೪೦. ಒಟ್ಟು ೭೮೦.