ಬಣ್ಣ ಹಾಕುವ ಹೊತ್ತಿಗೆ ಓದುವವಳು

ಚನ್ನಪಟ್ಟಣದಲ್ಲಿರುವ ನನ್ನ ಗೆಳತಿ ನಯನಾಳ ಮನೆಗೆ ಹೋದರೆ ಕಾಫಿಗಿಂತ ಮೊದಲು ಕಂಪ್ಯೂಟರ್ ಆನ್ ಆಗುತ್ತದೆ. "ರಮ್ಯಾ, ಬಾರೇ ಇಲ್ಲಿ, ಒಂದು ಹೊಸದು ಸಿಕ್ಕೈತೆ" ಎಂದು ಕೈ ಹಿಡಿದು ಎಳೆದು ಕೂರಿಸುತ್ತಾಳೆ. ಆ ಹೊಸದು ಸೀರೆಯೂ ಅಲ್ಲ, ಒಡವೆಯೂ ಅಲ್ಲ. ಯಾವುದೋ ಒಂದು ಪುಟ್ಟ ಸಾಫ್ಟ್‌ವೇರ್.

ಅವಳು ವಿರೂಪಾಕ್ಷಿಪುರದ ಕಡೆಯವಳು. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ನಿಂತುಕೊಂಡು ಕಾಲೇಜಿಗೆ ಹೋದವರು. ಇಬ್ಬರ ಮನೆಯಲ್ಲೂ ನಮಗಿಂತ ಮೊದಲು ಕಾಲೇಜು ಕಂಡವರಿರಲಿಲ್ಲ. ಲ್ಯಾಬಿನಲ್ಲಿ ಕಂಪ್ಯೂಟರ್ ಮುಟ್ಟಲು ಸರದಿ ಕಾಯಬೇಕಿತ್ತು. ಮದುವೆಯಾದ ಮೇಲೆ, ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡ ಪುನೀತ್ ಯಾರೋ ಬಳಸಿ ಬಿಟ್ಟ ಡೆಸ್ಕ್‌ಟಾಪ್ ಒಂದನ್ನು ತಂದುಕೊಟ್ಟ. ಅಂದು ಅವಳು ಫೋನಿನಲ್ಲಿ ಕಿರುಚಿದ್ದು ನನಗೆ ಚೆನ್ನಾಗಿ ನೆನಪಿದೆ: "ಇನ್ನು ಸರದಿ ಇಲ್ಲ ಕಣೇ!"

ಅಲ್ಲಿಂದ ಶುರುವಾಯಿತು ಹುಚ್ಚು. ಯಾರ ಪೆನ್‌ಡ್ರೈವಿನಲ್ಲಿ ಯಾವ ವಿಡಿಯೊ ಬಂದರೂ ಮುಖ ಸಿಂಡರಿಸದೆ ಓಡಿಸುವ ವಿಎಲ್‌ಸಿ ಎಂದರೆ ಅವಳಿಗೆ ಪ್ರಾಣ. ಮೂಟೆ ಕಟ್ಟಿದ ಹಾಗೆ ಫೈಲುಗಳನ್ನು ಕಟ್ಟಿ ಬಿಚ್ಚುವ ಸೆವೆನ್‌ಜಿಪ್ ಇದೆ. ಅರ್ಧ ಹೆಸರು ಟೈಪ್ ಮಾಡುವಷ್ಟರಲ್ಲಿ ಕಳೆದುಹೋದ ಫೈಲನ್ನು ಎದುರಿಗೆ ತಂದು ನಿಲ್ಲಿಸುವ 'ಎವೆರಿಥಿಂಗ್' ಇದೆ. ಅದನ್ನು ತೋರಿಸುವಾಗ ಅವಳು ಜಾದೂಗಾರ್ತಿಯಂತೆ ಚಿಟಿಕೆ ಹೊಡೆಯುತ್ತಾಳೆ. ಎಲ್ಲವೂ ಪುಕ್ಕಟೆ ಎಂಬುದು ಅವಳಿಗೆ ಇಂದಿಗೂ ತೀರದ ಆಶ್ಚರ್ಯ.

"ಬ್ಯಾರೆ ಮನೆ ಸೊಸೇರು ಪಾತ್ರೆ ಪಗಡ ಜೋಡಿಸ್ತಾರೆ. ನಮ್ಮೋಳು ಕಣ್ಣಿಗೆ ಕಾಣ್ದಿರೋ ಸಾಮಾನು ಜೋಡಿಸ್ತಾವ್ಳೆ" ಎನ್ನುವುದು ಅತ್ತೆ ಚಿನ್ನಮ್ಮನವರ ಮಾತು.

ಹೋದ ವರ್ಷ ನಯನಾಗೆ ಒಂದು ಅವಕಾಶ ಬಂತು. ಕಣ್ಣು ಕಾಣದ ಮಕ್ಕಳಿಗಾಗಿ ಕನ್ನಡದ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಓದುವವರು ಬೇಕಾಗಿದ್ದರು. ಮನೆಯಿಂದಲೇ ದಿನಾ ಒಂದಷ್ಟು ಪುಟ ಓದಿ ಕಳಿಸಿದರೆ ಸಾಕು. ಕಾಲೇಜಿನಲ್ಲಿ ಇವಳು ಒಮ್ಮೆ ಗಟ್ಟಿಯಾಗಿ ಓದಿದರೆ ನಮಗೆಲ್ಲ ಪಾಠ ಮನಸ್ಸಿನಲ್ಲಿ ನಿಂತುಬಿಡುತ್ತಿತ್ತು. ಈ ಕೆಲಸ ತನಗೆಂದೇ ಹುಟ್ಟಿದೆ ಎಂದುಕೊಂಡು ಅವಳು ಮಾದರಿ ಓದು ಕಳಿಸಿದಳು. ನಾನು ಅವಳ ಮನೆಯಲ್ಲಿದ್ದ ದಿನವೇ ಉತ್ತರ ಬಂತು: ಓದು ಬಹಳ ಚೆನ್ನಾಗಿದೆ, ಆದರೆ ಹಿಂದೆ ಯಂತ್ರದ ಸದ್ದಿದೆ, ಸದ್ದಿಲ್ಲದ ಇನ್ನೊಂದು ಮಾದರಿ ಇಂದು ಸಂಜೆಯೊಳಗೆ ಬಂದರೆ ಮಾತ್ರ ನೋಡುತ್ತೇವೆ.

ಸದ್ದು ಎಲ್ಲಿಯದು ಎಂದು ಹೇಳಬೇಕಾಗಿರಲಿಲ್ಲ. ಅವಳ ಕೋಣೆಯ ಗೋಡೆಯಾಚೆಗೇ ರಾಮಲಿಂಗಯ್ಯನವರ ಬೊಂಬೆ ಶೆಡ್ಡು. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಮರದ ಬೊಂಬೆ ಕಡೆಯುವ ಲೇತ್ ತಿರುಗುತ್ತದೆ.

"ಒಸಿ ಹೊತ್ತು ನಿಲ್ಲಿಸಿ ಅಂತ ಕೇಳೇ" ಎಂದೆ.

"ಇವತ್ತು ನಿಲ್ಲಿಸ್ತಾರೆ. ನಾಳೆ? ದಿನಾ ಓದೋ ಕೆಲಸ ಕಣೇ ಇದು. ದಿನಾ ಅವರ ಹೊಟ್ಟೆ ಮೇಲೆ ಹೊಡೆಯೋಕಾಯ್ತದಾ?"

ಅವಳು ಒಡಾಸಿಟಿ ತೆರೆದಳು. ಧ್ವನಿಯನ್ನು ಕತ್ತರಿಸಿ, ಜೋಡಿಸಿ, ತೊಳೆದು ಕೊಡುವ ಸಾಫ್ಟ್‌ವೇರ್ ಅದು. ಸದ್ದು ತೆಗೆಯಲು ಅದಕ್ಕೊಂದು ಕ್ರಮವಿದೆ. ಮಾತಿಲ್ಲದ ಬರೀ ಸದ್ದನ್ನು ಮೊದಲು ಸ್ವಲ್ಪ ಕೇಳಿಸಬೇಕು. ಅದರ ಗುರುತು ಹಿಡಿದ ಮೇಲೆ ಇಡೀ ಓದಿನಿಂದ ಅದನ್ನು ಹೆಕ್ಕಿ ತೆಗೆಯುತ್ತದೆ. ನಯನಾ ಹೊಸದಾಗಿ ಓದಿ, ಹಾಗೆಯೇ ಮಾಡಿದಳು. ಕೇಳಿದರೆ ಕೊಡದೊಳಗೆ ಬಾಯಿಟ್ಟು ಮಾತಾಡಿದಂತಿತ್ತು! ಲೇತಿನ ಕಿರುಚಾಟ ಅಲ್ಲಲ್ಲಿ ಹಾಗೇ ಉಳಿದಿತ್ತು.

ನನ್ನ ಮುಖ ಬಾಡಿತು. ಅವಳು ಮಾತ್ರ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಳು. ಧ್ವನಿಯ ಗೆರೆಯಲ್ಲಿ ಎಲ್ಲ ಕಡೆ ಲೇತಿನ ಸದ್ದು ಮುಳ್ಳುಮುಳ್ಳಾಗಿ ಎದ್ದಿದ್ದರೂ ಒಂದು ಕಡೆ ಆ ಮುಳ್ಳುಗಳಿರಲಿಲ್ಲ. ಅಲ್ಲಿ ಅವಳ ಓದು ಸ್ವಚ್ಛವಾಗಿ ಬಂದಿತ್ತು.

"ರಮ್ಯಾ! ಆಗ ಅವರೇನೋ ಬೇರೆ ಕೆಲಸ ಮಾಡ್ತಿದ್ರು ಕಣೇ!" ಎಂದವಳೇ ಚಪ್ಪಲಿಯನ್ನೂ ಹಾಕದೆ ಶೆಡ್ಡಿಗೆ ಓಡಿದಳು. ನಾನೂ ಹಿಂದೆಯೇ ಓಡಿದೆ.

"ರಾಮಲಿಂಗಣ್ಣ, ಒಸಿ ಹೊತ್ತಿನ ಮುಂಚೆ ಏನ್ ಮಾಡ್ತಿದ್ರಿ?"

"ಯಾಕವ್ವ? ಪೊಲೀಸ್ನೋರು ಏನಾರ ಬಂದವ್ರಾ?"

ಲೇತಿನ ಮುಂದೆ ಕೂತಿದ್ದ, ಅವರ ಜೊತೆ ಕೆಲಸ ಮಾಡುವ ತಾಜ್ ಪಾಷಾ ನಕ್ಕರು. "ಬಣ್ಣ ಹಾಕ್ತಾ ಇದ್ವಿ ಅಕ್ಕಾ. ಆಗ ಉಳಿ ಮುಟ್ಟಿಲ್ಲ."

ವಿಷಯ ಅಲ್ಲಿತ್ತು. ಮರಕ್ಕೆ ಉಳಿ ಕೊಟ್ಟಾಗ ಅದು ಚೀರುತ್ತದೆ, ಒಂದೊಂದು ಸಲ ಒಂದೊಂದು ತರ. ತಿರುಗುವ ಬೊಂಬೆಗೆ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವಾಗ ಮೋಟಾರಿನ ಒಂದೇ ಸಮನಾದ ಗುಂಯ್‌ಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಒಂದೇ ಸಮನಾದ ಸದ್ದಾದರೆ ಒಡಾಸಿಟಿ ಸುಲಭವಾಗಿ ಗುರುತು ಹಿಡಿಯುತ್ತದೆ.

"ಮತ್ತೆ ಬಣ್ಣ ಯಾವಾಗ?"

"ಉಂಡ್ಮೇಲೆ."

"ಹಂಗಾದ್ರೆ ನಾನು ಓದಿ ಮುಗಿಸೋಗಂಟ ಯಾರೂ ಮಾತಾಡ್ಬಾರ್ದು. ಮಿಷಿನ್ ಓಡ್ಲಿ, ಬಾಯಿ ನಿಲ್ಲಲಿ."

"ಅಯ್ಯೋ, ಮಿಷಿನ್ ನಿಲ್ಸೋದೇ ಸಲೀಸು ಕಣವ್ವ. ಈ ಪಾಷಾನ ಬಾಯಿಗೆ ಸ್ವಿಚ್ಚೇ ಇಲ್ಲ" ಎಂದರು ರಾಮಲಿಂಗಯ್ಯ.

"ನಿಮ್ದು ಫ್ಯೂಸ್ ಹಾರೋಗಿ ವರ್ಷಾಯ್ತು, ಸುಮ್ನಿರಿ" ಎಂದರು ತಾಜ್ ಪಾಷಾ.

ಊಟದ ನಂತರ ಕಿಟಕಿ ಮುಚ್ಚಿ, ಗೋಡೆಗೆ ಕಂಬಳಿ ಇಳಿಬಿಟ್ಟೆವು. ನಯನಾ ರೆಕಾರ್ಡ್ ಒತ್ತಿದಳು. ಬರೀ ಗುಂಯ್ ಸದ್ದು. ಅಷ್ಟರಲ್ಲಿ ಗೋಡೆಯಾಚೆಯಿಂದ, "ಆಯ್ತಾ ಅವ್ವ?" ನಾವು ನಗು ತಡೆದುಕೊಂಡು ಮತ್ತೆ ಒತ್ತಿದರೆ ಈ ಸಲ ಚಿನ್ನಮ್ಮನವರು ಗಾಬರಿಯಿಂದ ಬಾಗಿಲು ತೆರೆದರು. "ಯಾಕ್ರೇ ಎಲ್ಲಾ ಹಿಂಗೆ ಸುಮ್ಕಾಗ್ಬುಟ್ರಿ? ಯಾರ್ಗೇನಾಯ್ತು?"

ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡ ಮೇಲೆ ಕೆಲಸ ಆಯಿತು. ಬರೀ ಸದ್ದು ಸಿಕ್ಕಿತು. ಅದರ ಬೆನ್ನಿಗೇ ನಯನಾ ಓದಿದಳು, ಬೀಜಗಳು ಗಾಳಿಯಲ್ಲಿ ಹಾರಿ ದೂರದೂರಿಗೆ ಹೋಗುವ ಪಾಠ. ಓದು ಮುಗಿಸಿ, ಸದ್ದಿನ ಗುರುತು ಹಿಡಿಸಿ, ಎಷ್ಟು ಅಳಿಸಬೇಕೆಂಬುದಕ್ಕೆ ಈ ಸಲ ಹದವಾಗಿ ಅಳತೆ ಇಟ್ಟು ಒತ್ತಿದಳು. ಕೇಳಿದೆವು. ಗುಂಯ್ ಇಲ್ಲ! ಅವಳ ಧ್ವನಿಯೊಂದೇ, ಮುಂಜಾವಿನ ಹಾಗೆ ತಿಳಿಯಾಗಿ. ಕುರ್ಚಿ ಉರುಳುವಂತೆ ಎದ್ದು ಅವಳು ಕುಣಿದಳು. ಸದ್ದು ಕೇಳಿ ಆಚೆಯವರಿಬ್ಬರೂ ಬಂದರು.

ರಾಮಲಿಂಗಯ್ಯ ಹೆಡ್‌ಫೋನ್ ಹಾಕಿಕೊಂಡು ಸದ್ದು ತೆಗೆಯುವುದಕ್ಕೆ ಮೊದಲಿನದನ್ನು ಕೇಳಿ ತಲೆದೂಗಿದರು. ಎರಡನೆಯದನ್ನು ಕೇಳಿದಾಗ ಹುಬ್ಬು ಗಂಟಾಯಿತು.

"ನನ್ ಮಿಷಿನ್ ಎಲ್ಲವ್ವ? ಅಳಿಸ್ಬುಟ್ಯಲ್ಲ!"

"ಇವ್ರಿಗೂ ಇದನ್ನೇ ಹಾಕಿ ನೋಡಕ್ಕಾ, ಪುಣ್ಯ ಬತ್ತದೆ" ಎಂದರು ತಾಜ್ ಪಾಷಾ.

ಸಂಜೆಗೆ ಮುಂಚೆಯೇ ಮಾದರಿ ಹೋಯಿತು. ಮಾರನೆಯ ದಿನ ನಾನು ಕೆಲಸದಲ್ಲಿರುವಾಗ ನಯನಾಳ ಫೋನ್ ಬಂತು. ಹಲೋ ಕೂಡ ಇಲ್ಲ. "ಇಡೀ ವಿಜ್ಞಾನದ ಪುಸ್ತಕ ನಂದೇ ಕಣೇ!"

ಈಗ ಶೆಡ್ಡಿನಲ್ಲಿ ಉಳಿಯ ಕೆಲಸವೆಲ್ಲ ಬೆಳಿಗ್ಗೆ, ಬಣ್ಣ ಮಧ್ಯಾಹ್ನಕ್ಕೆ. ರಾಮಲಿಂಗಯ್ಯನವರೇ ಹಾಗೆ ಮಾಡಿಕೊಂಡರು. ಮೊನ್ನೆ ನಾನು ಊಟದ ಹೊತ್ತು ಕಳೆದ ಮೇಲೆ ಹೋದಾಗ ಚಿನ್ನಮ್ಮನವರು ಹೊಸಲಿನ ಮೇಲೆ ಕೂತು ಸೊಪ್ಪು ಮಾರುವವಳನ್ನು ಬಾಯಿಯ ಮೇಲೆ ಬೆರಳಿಟ್ಟು ತಡೆಯುತ್ತಿದ್ದರು.

"ಮೆಲ್ಲಗೆ ಕೂಗಮ್ಮೀ. ಒಳಗೆ ನನ್ ಸೊಸೆ ಮಕ್ಳಿಗೆ ಪಾಠ ಓದ್ತಾವ್ಳೆ."